ಏರು ಬಂದರೆ ಗೇರಿನ ಹಲ್ಲು ಹಾರುವ ಲೆಗೊ ಟ್ರಕ್ಕು: ದೊಡ್ಡ ಮೋಟರ್ ಹಾಕಬೇಕೆ?

ಪ್ರಶ್ನೆ: ಏರುದಾರಿ

ಲೆಗೊ ಸೆಟ್ಟಿನ ಜೊತೆ ಬರುವ ಪುಸ್ತಕ ನೋಡಿ ಜೋಡಿಸುವುದನ್ನು ಬಿಟ್ಟು, ಸ್ವಂತವಾಗಿ ಯೋಚಿಸಿ ಮೋಟರ್ ಇರುವ ಮಾದರಿಗಳನ್ನು ಕಟ್ಟುವ ಹವ್ಯಾಸಕ್ಕೆ ನಾನು ಇತ್ತೀಚೆಗೆ ಇಳಿದಿದ್ದೇನೆ. ಸದ್ಯ ಕಟ್ಟುತ್ತಿರುವುದು ನಾಲ್ಕೂ ಚಕ್ರಗಳಿಗೆ ಚಾಲನೆಯಿರುವ ಒಂದು ಟ್ರಕ್ಕು. ಬ್ಯಾಟರಿ ಪೆಟ್ಟಿಗೆಯೂ ಸೇರಿ ಅದರ ತೂಕ ಸುಮಾರು ಒಂದೂವರೆ ಕಿಲೋ ಇದೆ. ಟೈರುಗಳು 81.6 ಮಿಲಿಮೀಟರ್ ವ್ಯಾಸದ ದೊಡ್ಡ ಬಲೂನ್ ಟೈರುಗಳು. ಲೆಗೊದ ಪವರ್ ಫಂಕ್ಷನ್ಸ್ ಎಂಬ ಮೋಟರ್ ಸರಣಿಯ ಒಂದು ಎಲ್ ಮೋಟರ್ ನಡುವಿನ ಉದ್ದ ಆಕ್ಸಲನ್ನು ನೇರವಾಗಿ ತಿರುಗಿಸುತ್ತದೆ. ಆ ಆಕ್ಸಲಿನ ಎರಡೂ ತುದಿಗಳಲ್ಲಿರುವ 12 ಹಲ್ಲಿನ ಗೇರುಗಳು ಮುಂದಿನ ಮತ್ತು ಹಿಂದಿನ ಚಕ್ರಗಳ ಆಕ್ಸಲಿನಲ್ಲಿರುವ 20 ಹಲ್ಲಿನ ಗೇರುಗಳನ್ನು ಲಂಬಕೋನದಲ್ಲಿ ಹಿಡಿದು ತಿರುಗಿಸುತ್ತವೆ. ತಿರುವಿನಲ್ಲಿ ಎಡಬಲದ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಎಲ್ಲಿಯೂ ಇಲ್ಲ.

ಸಮತಟ್ಟಾದ ನೆಲದಲ್ಲಿ ಟ್ರಕ್ಕು ಚೆನ್ನಾಗಿಯೇ ಓಡುತ್ತದೆ. ಹಲಗೆಯೊಂದನ್ನು ಓರೆಯಾಗಿ ಇಟ್ಟು ಹತ್ತಿಸಲು ಹೋದಾಗ ಎರಡು ತೊಂದರೆಗಳು ಕಾಣಿಸುತ್ತವೆ. ಕೆಲವೊಮ್ಮೆ ಮುಂಭಾಗದಿಂದ ಟಕ್ ಟಕ್ ಎಂಬ ಸದ್ದು ಬರುತ್ತದೆ, ಚಕ್ರ ನಿಲ್ಲುತ್ತದೆ, ಆದರೆ ಮೋಟರ್ ತಿರುಗುತ್ತಲೇ ಇರುತ್ತದೆ. ಇನ್ನು ಕೆಲವೊಮ್ಮೆ ಸದ್ದೇನೂ ಇಲ್ಲದೆ ಮೋಟರೇ ನಿಂತುಹೋಗುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ತಾನಾಗಿಯೇ ಮತ್ತೆ ಓಡುತ್ತದೆ. ಎಲ್ ಮೋಟರನ್ನು ತೆಗೆದು ಎಕ್ಸ್‌ಎಲ್ ಮೋಟರ್ ಹಾಕುವುದು ಸರಿಯೆ, ಅಥವಾ ಇನ್ನೊಂದು ಎಲ್ ಮೋಟರನ್ನು ಸೇರಿಸುವುದು ಸರಿಯೆ? ಎರಡಕ್ಕೂ ಈಗಿನ ಚಾಸಿಯನ್ನು ಸಾಕಷ್ಟು ಬಿಚ್ಚಬೇಕಾಗುತ್ತದೆ. ಆದ್ದರಿಂದ ಕೈ ಹಾಕುವ ಮೊದಲು ಬಲ್ಲವರನ್ನು ಕೇಳುತ್ತಿದ್ದೇನೆ.

ಇದರ ಜೊತೆಗೆ ಇನ್ನೊಂದು ಸಣ್ಣ ಪ್ರಶ್ನೆ. ಸ್ಟಿಯರಿಂಗ್‌ಗೆ ಎಂ ಮೋಟರ್ ಇಟ್ಟಿದ್ದೇನೆ. ರಿಮೋಟಿನ ಸನ್ನೆಯನ್ನು ಬಿಟ್ಟ ಮೇಲೂ ಚಕ್ರಗಳು ನೇರಕ್ಕೆ ಮರಳುವುದಿಲ್ಲ. ಇದಕ್ಕೆ ಪರಿಹಾರವೇನು?

ಉತ್ತರ: ಹಲ್ಲುಗಾಲಿ

ನೀವು ಹೇಳಿದ ಎರಡು ತೊಂದರೆಗಳು ಒಂದೇ ಹಲಗೆಯ ಮೇಲೆ ಕಾಣಿಸಿಕೊಂಡರೂ ಅವುಗಳ ಕಾರಣಗಳು ಬೇರೆ ಬೇರೆ. ಮೋಟರ್ ತಿರುಗುತ್ತಿದ್ದು ಚಕ್ರ ನಿಂತರೆ, ಗೇರಿನ ಹಲ್ಲುಗಳು ಒಂದರ ಮೇಲೊಂದು ಹತ್ತಿ ಹಾರುತ್ತಿವೆ ಎಂದರ್ಥ. ಸದ್ದಿಲ್ಲದೆ ಮೋಟರೇ ನಿಂತರೆ, ಬ್ಯಾಟರಿ ಪೆಟ್ಟಿಗೆಯಲ್ಲಿರುವ ರಕ್ಷಣಾ ಭಾಗ ವಿದ್ಯುತ್ತನ್ನು ತಡೆದಿದೆ ಎಂದರ್ಥ. ಈ ಭಾಗ ಹೆಚ್ಚು ಪ್ರವಾಹ ಹರಿದು ಬಿಸಿಯಾದಾಗ ದಾರಿಯನ್ನು ಮುಚ್ಚುತ್ತದೆ, ತಣ್ಣಗಾದ ಮೇಲೆ ಮತ್ತೆ ಬಿಡುತ್ತದೆ. ಆದ್ದರಿಂದ ಅಲ್ಲಿ ಏನೂ ಕೆಟ್ಟಿಲ್ಲ. ಮೋಟರ್ ತಿರುಗಲಾರದೆ ನಿಂತಾಗಲೇ ಅದು ಅತಿ ಹೆಚ್ಚು ಪ್ರವಾಹವನ್ನು ಎಳೆಯುತ್ತದೆ ಎಂಬುದನ್ನು ನೆನಪಿಡಿ.

ಈಗ ಲೆಕ್ಕಕ್ಕೆ ಬರೋಣ, ಏಕೆಂದರೆ ಈ ಹವ್ಯಾಸದಲ್ಲಿ ಊಹೆಯಿಂದ ಮೋಟರ್ ಬದಲಿಸುವುದಕ್ಕಿಂತ ಕಾಗದದ ಮೇಲೆ ನಾಲ್ಕು ಸಾಲು ಬರೆಯುವುದು ಎಷ್ಟೋ ಸುಲಭ. ಒಂದೂವರೆ ಕಿಲೋ ತೂಕದ ಟ್ರಕ್ಕು 20 ಡಿಗ್ರಿ ಏರನ್ನು ಹತ್ತಬೇಕಾದರೆ ಅದನ್ನು ಮೇಲಕ್ಕೆ ತಳ್ಳಲು ಸುಮಾರು 5 ನ್ಯೂಟನ್ ಬಲ ಬೇಕು. ನಿಮ್ಮ ಟೈರಿನ ತ್ರಿಜ್ಯ ಸುಮಾರು 4.1 ಸೆಂಟಿಮೀಟರ್ ಇರುವುದರಿಂದ ಎಲ್ಲ ಚಕ್ರಗಳಿಗೂ ಸೇರಿ ಬೇಕಾಗುವ ತಿರುಚುಬಲ ಸುಮಾರು 20 ನ್ಯೂಟನ್-ಸೆಂಟಿಮೀಟರ್. ಎಲ್ ಮೋಟರ್ 9 ವೋಲ್ಟಿನಲ್ಲಿ ನಿಂತುಹೋಗುವ ಹಂತದಲ್ಲಿ ಕೊಡುವ ತಿರುಚುಬಲ ಸುಮಾರು 18. ನಿಮ್ಮ 12ಕ್ಕೆ 20ರ ಜೋಡಿ ಅದನ್ನು 30ಕ್ಕೆ ಏರಿಸುತ್ತದೆ. ಹಲ್ಲುಗಳ ತಿಕ್ಕಾಟ, ಆಕ್ಸಲಿನ ತಿಕ್ಕಾಟ ಎಲ್ಲ ಸೇರಿ ಅದರಲ್ಲಿ ಮೂರನೇ ಒಂದು ಭಾಗ ಹೋದರೆ ಉಳಿಯುವುದು 20. ಅಂದರೆ ನಿಮ್ಮ ಮೋಟರ್ ಆ ಹಲಗೆಯ ಮೇಲೆ ಸರಿಯಾಗಿ ನಿಂತುಹೋಗುವ ಅಂಚಿನಲ್ಲಿದೆ. ಪೆಟ್ಟಿಗೆ ವಿದ್ಯುತ್ತನ್ನು ತಡೆಯುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಎಕ್ಸ್‌ಎಲ್ ಮೋಟರಿನ ಅದೇ ಅಂಕಿ ಸುಮಾರು 40. ಅದನ್ನು ಹಾಕಿದರೆ ಟ್ರಕ್ಕು ಏರನ್ನು ಹತ್ತಬಲ್ಲದು, ಅದರಲ್ಲಿ ಸುಳ್ಳಿಲ್ಲ. ಆದರೆ ಈಗಲೇ ಹಾರುತ್ತಿರುವ ಹಲ್ಲುಗಳ ಮೇಲೆ ಎರಡು ಪಟ್ಟಿಗೂ ಹೆಚ್ಚು ಒತ್ತಡ ಹಾಕಬಲ್ಲ ಮೋಟರನ್ನು ಕೂರಿಸಿದಂತಾಗುತ್ತದೆ. ಚಕ್ರವೊಂದು ಎಲ್ಲಿಯಾದರೂ ಸಿಕ್ಕಿಕೊಂಡ ಕ್ಷಣದಲ್ಲಿ ಟಕ್ ಟಕ್ ಸದ್ದು ಇನ್ನಷ್ಟು ಜೋರಾಗಿ ಕೇಳಿಸುತ್ತದೆ, ಸ್ವಲ್ಪ ದಿನಗಳಲ್ಲಿ 12 ಹಲ್ಲಿನ ಗೇರಿನ ತುದಿಗಳು ಸವೆದು ಬಿಳಿಚಿಕೊಳ್ಳುತ್ತವೆ.

ನನ್ನ ಸಲಹೆಯೆಂದರೆ ಮೋಟರನ್ನು ಮುಟ್ಟಬೇಡಿ. ಇನ್ನೊಂದು ಮೂರು ಪಟ್ಟಿನ ಇಳಿಕೆಯನ್ನು, ಅಂದರೆ ವೇಗವನ್ನು ಇಳಿಸಿ ತಿರುಚುಬಲವನ್ನು ಅಷ್ಟೇ ಪಟ್ಟು ಏರಿಸುವ ಗೇರು ಜೋಡಿಯನ್ನು ಸೇರಿಸಿ, ಅದನ್ನು ಮೋಟರಿನ ಪಕ್ಕದಲ್ಲಿ ಇಡದೆ ಚಕ್ರದ ಪಕ್ಕದಲ್ಲಿ ಇಡಿ. ಪ್ರತಿ ಚಕ್ರದ ಗುಂಬದಲ್ಲಿ, ಅಂದರೆ ಚಕ್ರವನ್ನು ಹಿಡಿಯುವ ನಡುಭಾಗದಲ್ಲಿ, 8 ಹಲ್ಲಿನ ಗೇರು 24 ಹಲ್ಲಿನ ಗೇರನ್ನು ತಿರುಗಿಸುವಂತೆ ಮಾಡಿದರೆ ಒಟ್ಟು ಇಳಿಕೆ ಐದು ಪಟ್ಟಾಗುತ್ತದೆ. ಆಗ ಅದೇ ಏರಿನಲ್ಲಿ ಮೋಟರಿನ ಮೇಲೆ ಬೀಳುವ ಹೊರೆ, ನಷ್ಟಗಳನ್ನು ಸೇರಿಸಿಕೊಂಡರೂ, ಅದರ ಗರಿಷ್ಠದ ಮೂರನೇ ಒಂದು ಭಾಗ ಮಾತ್ರ. ಹೊರೆಯಿಲ್ಲದೆ ನಿಮಿಷಕ್ಕೆ ಸುಮಾರು 390 ಸುತ್ತು ತಿರುಗುವ ಎಲ್ ಮೋಟರ್ ಆಗ 260ರ ಆಸುಪಾಸಿನಲ್ಲಿ ಓಡುತ್ತದೆ, ಟ್ರಕ್ಕು ಸೆಕೆಂಡಿಗೆ 20 ಸೆಂಟಿಮೀಟರಿಗಿಂತ ತುಸು ಹೆಚ್ಚು ವೇಗದಲ್ಲಿ ಏರು ಹತ್ತುತ್ತದೆ. ಈ ಗಾತ್ರದ ಟ್ರಕ್ಕಿಗೆ ಅದು ನೋಡಲು ಚೆಂದವಾದ ವೇಗವೇ ಸರಿ.

ಇಳಿಕೆ ಚಕ್ರದ ಪಕ್ಕದಲ್ಲೇ ಏಕಿರಬೇಕು ಎಂದರೆ, ಅದಕ್ಕಿಂತ ಹಿಂದೆ ಇರುವ ಎಲ್ಲ ಭಾಗಗಳ ಮೇಲೆ ಬೀಳುವ ತಿರುಚುಬಲ ಮೂರನೇ ಒಂದಕ್ಕೆ ಇಳಿಯುತ್ತದೆ. ಹಲ್ಲು ಹಾರುತ್ತಿರುವ 12ಕ್ಕೆ 20ರ ಜೋಡಿ, ಮುಂದಿನ ಚಕ್ರಗಳು ಓರೆಯಾದಾಗಲೂ ಅವನ್ನು ತಿರುಗಿಸಲು ಇಟ್ಟಿರುವ ಯೂನಿವರ್ಸಲ್ ಜಾಯಿಂಟ್ ಎಂಬ ಕೀಲು, ನಡುವಿನ ಉದ್ದ ಆಕ್ಸಲ್, ಇವೆಲ್ಲಕ್ಕೂ ಉಸಿರಾಡಲು ಜಾಗ ಸಿಗುತ್ತದೆ. ಉದ್ದ ಆಕ್ಸಲಿನ ಒಂದು ತುದಿಯನ್ನು ಬಿಗಿಯಾಗಿ ಹಿಡಿದು ಇನ್ನೊಂದು ತುದಿಯನ್ನು ಬೆರಳಿನಿಂದ ತಿರುಚಿ ನೋಡಿ. ಅದು ಎಷ್ಟು ಸುಲಭವಾಗಿ ತಿರುಚಿಕೊಳ್ಳುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ. ಟ್ರಕ್ಕು ಏರಿನಲ್ಲಿ ತಡೆತಡೆದು ಕುಪ್ಪಳಿಸುವುದಕ್ಕೆ ಬಹುಮಟ್ಟಿಗೆ ಈ ತಿರುಚುವಿಕೆಯೇ ಕಾರಣ.

8 ಮತ್ತು 24ರ ಜೋಡಿಯ ಆಕ್ಸಲುಗಳ ನಡುವೆ 16 ಮಿಲಿಮೀಟರ್ ಅಂತರವಿರುವುದರಿಂದ ಟ್ರಕ್ಕಿನ ಹೊಟ್ಟೆ ನೆಲದಿಂದ ಅಷ್ಟು ಮೇಲಕ್ಕೆ ಏರುತ್ತದೆ, ಅದು ಪುಕ್ಕಟೆಯಾಗಿ ಸಿಗುವ ಲಾಭ. ಚಕ್ರಗಳು ತಿರುಗುವ ದಿಕ್ಕು ಹಿಂದುಮುಂದಾಗುತ್ತದೆ, ಆದರೆ ನಾಲ್ಕೂ ಒಟ್ಟಿಗೆ ಬದಲಾಗುವುದರಿಂದ ಮೋಟರಿನ ದಿಕ್ಕನ್ನು ಬದಲಿಸಿದರೆ ಸಾಕು.

ಉತ್ತರ: ಬೀಮ್‌ಪಿನ್

ಹಲ್ಲುಗಾಲಿಯವರ ಲೆಕ್ಕ ಸರಿಯಾಗಿದೆ. ಆದರೆ ಅವರ ಪರಿಹಾರವನ್ನು ಮೊದಲ ಹೆಜ್ಜೆಯಾಗಿ ನಾನು ಒಪ್ಪಲಾರೆ. ಗುಂಬದೊಳಗೆ ಗೇರುಗಳನ್ನು ಕೂರಿಸಿದರೆ ಚಕ್ರದ ಹಿಡಿತ ಸಡಿಲವಾಗುತ್ತದೆ, ಮುಂದಿನ ಚಕ್ರಗಳಲ್ಲಂತೂ ಸ್ಟಿಯರಿಂಗ್‌ನ ತಿರುವು ಬಿಂದುವಿನಿಂದ ಟೈರು ಇನ್ನಷ್ಟು ದೂರ ಹೋಗುತ್ತದೆ. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಹಲ್ಲುಗಳು ಏಕೆ ಹಾರುತ್ತಿವೆ ಎಂಬುದು. ಗೇರಿನ ಹಲ್ಲುಗಳು ಒಂದನ್ನೊಂದು ತಿರುಗಿಸುವಾಗ ಒಂದನ್ನೊಂದು ದೂರಕ್ಕೆ ತಳ್ಳುತ್ತಲೂ ಇರುತ್ತವೆ. ಲಂಬಕೋನದ ಜೋಡಿಯಲ್ಲಿ ಈ ತಳ್ಳಾಟ ಆಕ್ಸಲಿನ ಉದ್ದಕ್ಕೂ ನಡೆಯುತ್ತದೆ. ಚೌಕಟ್ಟು ಅದಕ್ಕೆ ಅರ್ಧ ಮಿಲಿಮೀಟರ್ ಸೋತರೂ ಹಲ್ಲಿನ ಹಿಡಿತ ತಪ್ಪುತ್ತದೆ.

ಇದನ್ನು ಪತ್ತೆಹಚ್ಚಲು ಒಂದು ಸರಳ ದಾರಿಯಿದೆ. ಟ್ರಕ್ಕನ್ನು ಮಗುಚಿ ಇಟ್ಟು, ಮುಂದಿನ ಎರಡು ಚಕ್ರಗಳನ್ನು ಕೈಯಲ್ಲಿ ಬಿಗಿಯಾಗಿ ಹಿಡಿದು, ಬೇರೊಬ್ಬರಿಂದ ಅರೆಕ್ಷಣ ಮಾತ್ರ ವಿದ್ಯುತ್ತು ಕೊಡಿಸಿ. ಆ ಅರೆಕ್ಷಣದಲ್ಲಿ ಗೇರನ್ನು ನೋಡಬೇಡಿ, ಅದರ ಸುತ್ತಲಿನ ಬೀಮುಗಳನ್ನು, ಅಂದರೆ ತೂತುಗಳ ಸಾಲಿರುವ ಪಟ್ಟಿಗಳನ್ನು ನೋಡಿ. ಎರಡು ಬೀಮುಗಳ ನಡುವೆ ಕೂದಲೆಳೆಯಷ್ಟು ಬಿರುಕು ತೆರೆದು ಮುಚ್ಚಿಕೊಂಡರೆ ಸೋಲುತ್ತಿರುವ ಜಾಗ ಅದೇ. ಬೀಮುಗಳನ್ನು ಜೋಡಿಸುವ ಪಿನ್ನುಗಳು ಅಡ್ಡಡ್ಡ ಜಾರುವ ಬಲವನ್ನು ಚೆನ್ನಾಗಿ ತಡೆಯುತ್ತವೆ, ಆದರೆ ತೂತಿನಿಂದ ಹೊರಕ್ಕೆ ಎಳೆಯುವ ಬಲಕ್ಕೆ ಬೇಗ ಬಿಟ್ಟುಕೊಡುತ್ತವೆ. ಆದ್ದರಿಂದ ಗೇರುಗಳು ತಳ್ಳುವ ದಿಕ್ಕಿಗೆ ಅಡ್ಡವಾಗಿ ಪಿನ್ನುಗಳು ಇರುವಂತೆ, ಎರಡು ಬದಿಯನ್ನೂ ಒಂದೇ ತುಂಡು ಹಿಡಿಯುವಂತೆ ಕಟ್ಟಬೇಕು. 5ಕ್ಕೆ 7 ತೂತುಗಳ ಆಯತಾಕಾರದ ಚೌಕಟ್ಟಿನ ತುಂಡು ಇರುವುದು ಇಂಥ ಕೆಲಸಕ್ಕೇ. ಲಂಬಕೋನದ ಜೋಡಿಯನ್ನು ಅದರ ಒಳಗೆ ಕೂರಿಸಿದರೆ ಬೇರೆ ಆಧಾರದ ಅಗತ್ಯವೇ ಬೀಳುವುದಿಲ್ಲ.

ಗೇರಿನ ಎರಡೂ ಪಕ್ಕದಲ್ಲಿ ಆಕ್ಸಲಿಗೆ ಆಧಾರವಿರಲಿ, ಆ ಆಧಾರ ಗೇರಿಗೆ ಅಂಟಿಕೊಂಡಂತೆ ಹತ್ತಿರವಿರಲಿ. ಒಂದೇ ಕಡೆ ಆಧಾರವಿದ್ದು ಇನ್ನೊಂದು ತುದಿ ಗಾಳಿಯಲ್ಲಿದ್ದರೆ ಎಂಥ ಗೇರೂ ಹಾರುತ್ತದೆ. ಹಾಗೆಂದು ಆಕ್ಸಲು ಜಾರದಂತೆ ಹಿಡಿಯುವ ಬುಷ್ ಎಂಬ ಸಣ್ಣ ಬಳೆಗಳನ್ನು ಬೀಮಿಗೆ ಒತ್ತಿ ಕೂರಿಸಬೇಡಿ. ತೆಳುವಾದ ಕಾಗದ ತೂರುವಷ್ಟು ಸಂದು ಬಿಡಿ, ಇಲ್ಲದಿದ್ದರೆ ಮೋಟರಿನ ಅರ್ಧ ಶಕ್ತಿಯನ್ನು ಆ ತಿಕ್ಕಾಟವೇ ತಿಂದುಹಾಕುತ್ತದೆ. ಮೋಟರನ್ನು ಕಳಚಿ ಚಕ್ರವನ್ನು ಬೆರಳಿನಿಂದ ತಿರುಗಿಸಿದರೆ ಇಡೀ ಸರಪಳಿ ಹಗುರವಾಗಿ ತಿರುಗಬೇಕು. ತಿರುಗದಿದ್ದರೆ ಮೋಟರಿನ ಮಾತು ಆಮೇಲೆ.

ಜೋಡಿಗಳನ್ನು ಆರಿಸುವಾಗ ಒಂದು ಸಣ್ಣ ಸೂತ್ರ ನೆನಪಿನಲ್ಲಿದ್ದರೆ ಬಹಳ ಪರದಾಟ ತಪ್ಪುತ್ತದೆ. ಲೆಗೊ ತೂತುಗಳ ನಡುವಿನ ಅಂತರ 8 ಮಿಲಿಮೀಟರ್. ಪಕ್ಕಪಕ್ಕದಲ್ಲಿ ತಿರುಗುವ ಎರಡು ಗೇರುಗಳ ಹಲ್ಲುಗಳನ್ನು ಕೂಡಿಸಿ 16ರಿಂದ ಭಾಗಿಸಿದರೆ ಅವುಗಳ ಆಕ್ಸಲುಗಳು ಎಷ್ಟು ತೂತು ದೂರ ಇರಬೇಕು ಎಂಬುದು ಸಿಗುತ್ತದೆ. 8 ಮತ್ತು 24 ಸೇರಿದರೆ 32, ಅಂದರೆ ಎರಡು ತೂತು. 8 ಮತ್ತು 40 ಸೇರಿದರೆ ಮೂರು ತೂತು. ಭಾಗಲಬ್ಧ ಪೂರ್ಣಾಂಕವಾಗದ ಜೋಡಿಯನ್ನು ಹೇಗೋ ಒತ್ತಿ ಕೂರಿಸಿದರೆ ಅದು ಒಂದೋ ಬಿಗಿಯಾಗಿ ತಿಕ್ಕುತ್ತದೆ, ಇಲ್ಲವೇ ಹಲ್ಲು ಹಾರಿಸುತ್ತದೆ. ಮೇಲೆ ಗುಂಡನೆಯ ಗುಬ್ಬಿಗಳಿರುವ ಹಳೆಯ ಮಾದರಿಯ ಟೆಕ್ನಿಕ್ (ಲೆಗೊದ ಯಂತ್ರಭಾಗಗಳ ಸಾಲು) ಇಟ್ಟಿಗೆಗಳನ್ನು ಬಳಸುವವರಿಗೆ ಮಾತ್ರ ಒಂದು ತೊಡಕಿದೆ. ಇಟ್ಟಿಗೆಯ ಎತ್ತರ 9.6 ಮಿಲಿಮೀಟರ್ ಇರುವುದರಿಂದ ಒಂದರ ಮೇಲೊಂದು ಇಟ್ಟರೆ ತೂತುಗಳು 8ರ ಲೆಕ್ಕಕ್ಕೆ ಬರುವುದಿಲ್ಲ. ಎರಡು ಇಟ್ಟಿಗೆಗಳ ನಡುವೆ 3.2 ಮಿಲಿಮೀಟರಿನ ಎರಡು ಪ್ಲೇಟುಗಳನ್ನು ಇಟ್ಟರೆ ತೂತಿನಿಂದ ತೂತಿಗೆ ಸರಿಯಾಗಿ 16 ಮಿಲಿಮೀಟರ್ ಆಗುತ್ತದೆ. ಆಗ ನಿಂತ ಬೀಮೊಂದನ್ನು ಪಿನ್ನು ಹಾಕಿ ಬಿಗಿದರೆ ಇಡೀ ಗೋಡೆ ಕಲ್ಲಿನಂತೆ ನಿಲ್ಲುತ್ತದೆ.

ಎಣ್ಣೆ ಹಾಕುವ ಯೋಚನೆಯಿದ್ದರೆ ದಯವಿಟ್ಟು ಬಿಡಿ. ಇಟ್ಟಿಗೆಗಳ ಎಬಿಎಸ್ ಪ್ಲಾಸ್ಟಿಕ್‌ಗೆ ಪೆಟ್ರೋಲಿಯಂ ಮೂಲದ ಎಣ್ಣೆ ತಗಲಿದರೆ, ಬಿಗಿತ ಇರುವ ಜಾಗಗಳಲ್ಲಿ ಕಾಲಕ್ರಮೇಣ ಸಣ್ಣ ಬಿರುಕುಗಳು ಹುಟ್ಟಬಹುದು.

ಉತ್ತರ: ತಂತಿಜಾಡು

ಗೇರಿನ ವಿಷಯ ಇಬ್ಬರೂ ಹೇಳಿದ್ದಾರೆ. ವಿದ್ಯುತ್ತಿನ ಬಗ್ಗೆ ಎರಡು ಮಾತು. ಪೆಟ್ಟಿಗೆಯಲ್ಲಿ ಯಾವ ಸೆಲ್ಲುಗಳಿವೆ ಎಂಬುದನ್ನು ನೀವು ತಿಳಿಸಿಲ್ಲ. ಆರು ಆಲ್ಕಲೈನ್ ಸೆಲ್ಲುಗಳು 9 ವೋಲ್ಟ್ ಕೊಡುತ್ತವೆ, ಮರುಚಾರ್ಜ್ ಮಾಡುವ ಆರು ನಿಕಲ್ ಸೆಲ್ಲುಗಳು 7.2 ವೋಲ್ಟ್ ಕೊಡುತ್ತವೆ. ಹೊರೆಯಿಲ್ಲದಿರುವಾಗ ಎರಡನೆಯದರಲ್ಲಿ ಮೋಟರ್ ಐದನೇ ಒಂದು ಭಾಗದಷ್ಟು ನಿಧಾನವಾಗಿ ತಿರುಗುತ್ತದೆ. ಆದರೆ ಒಂದು ಆಂಪಿಯರ್ ಎಳೆಯುವ ಏರಿನಲ್ಲಿ ಆಲ್ಕಲೈನ್ ಸೆಲ್ಲಿನ ವೋಲ್ಟೇಜು ಕುಸಿಯುತ್ತದೆ, ಅರ್ಧ ಖಾಲಿಯಾದ ಸೆಲ್ಲಿನಲ್ಲಂತೂ ಇನ್ನೂ ಹೆಚ್ಚು. ನಿಕಲ್ ಸೆಲ್ಲುಗಳು ಕೊನೆಯ ತನಕ ಬಹುಮಟ್ಟಿಗೆ ಒಂದೇ ಮಟ್ಟದಲ್ಲಿರುತ್ತವೆ. ಏರು ಹತ್ತುವ ಮಾದರಿಗಳಿಗೆ ನಾನು ನಿಕಲ್ ಸೆಲ್ಲುಗಳನ್ನೇ ಆರಿಸುತ್ತೇನೆ.

ಎರಡು ಮೋಟರುಗಳ ಪ್ರಶ್ನೆಗೆ ಉತ್ತರವೆಂದರೆ, ಒಂದೇ ಆಕ್ಸಲಿಗೆ ಎರಡು ಎಲ್ ಮೋಟರುಗಳನ್ನು ಜೋಡಿಸಬಹುದು, ಅವು ಹೊರೆಯನ್ನು ಹಂಚಿಕೊಳ್ಳುತ್ತವೆ. ನಿಮಿಷಕ್ಕೆ 220 ಸುತ್ತಿನ ಎಕ್ಸ್‌ಎಲ್ ಮೋಟರನ್ನು 400ರ ಹತ್ತಿರ ಓಡುವ ಎಂ ಮೋಟರಿನೊಂದಿಗೆ ಒಂದೇ ಆಕ್ಸಲಿಗೆ ಕಟ್ಟಿದರೆ ಮಾತ್ರ ಒಂದು ಇನ್ನೊಂದಕ್ಕೆ ಹೊರೆಯಾಗುತ್ತದೆ. ಒಂದೇ ಪೆಟ್ಟಿಗೆಯಿಂದ ಎರಡು ಮೋಟರುಗಳು ಎಳೆಯುವ ಪ್ರವಾಹವೂ ಎರಡು ಪಟ್ಟಾಗುತ್ತದೆ ಎಂಬುದನ್ನು ಮರೆಯಬಾರದು. ಅಂದರೆ ಈಗಿನ ಗೇರುಗಳನ್ನೇ ಇಟ್ಟುಕೊಂಡು ಚಕ್ರ ಸಿಕ್ಕಿಕೊಂಡರೆ ಪೆಟ್ಟಿಗೆ ಇನ್ನೂ ಬೇಗ ಮುಚ್ಚಿಕೊಳ್ಳುತ್ತದೆ.

ಸ್ಟಿಯರಿಂಗ್‌ಗೆ ಎಂ ಮೋಟರ್ ಸರಿಹೊಂದುವುದಿಲ್ಲ, ಏಕೆಂದರೆ ತಾನು ಎಲ್ಲಿದ್ದೇನೆ ಎಂಬುದು ಅದಕ್ಕೆ ಗೊತ್ತಿರುವುದಿಲ್ಲ. ಪವರ್ ಫಂಕ್ಷನ್ಸ್ ಸರಣಿಯಲ್ಲೇ 2012ರಲ್ಲಿ ಬಂದ ಸರ್ವೊ ಮೋಟರ್ ಇದೆ. ಸನ್ನೆ ಬಿಟ್ಟರೆ ತಾನೇ ನಡುವಿಗೆ ಮರಳುತ್ತದೆ, ಗುಂಡಿ ತಿರುಗಿಸುವ ರಿಮೋಟ್ ಇದ್ದರೆ ಎಡಕ್ಕೂ ಬಲಕ್ಕೂ ಏಳೇಳು ಹಂತಗಳಲ್ಲಿ ನಿಲ್ಲುತ್ತದೆ. ನಂತರ ಬಂದ ಪವರ್ಡ್ ಅಪ್ ಸರಣಿಯಲ್ಲಿ ರಿಮೋಟಿನ ಸಂಪರ್ಕ ಅವಗೆಂಪು (ಇನ್‌ಫ್ರಾರೆಡ್) ಬೆಳಕಿನ ಬದಲು ಬ್ಲೂಟೂತ್ ಮೂಲಕ ನಡೆಯುತ್ತದೆ. ಆ ಸರಣಿಯ ಟೆಕ್ನಿಕ್ ಮೋಟರುಗಳಿಗೆ ಕೋನ ಅಳೆಯುವ ಸಂವೇದಕ ಒಳಗೇ ಇರುವುದರಿಂದ ಯಾವ ಮೋಟರನ್ನಾದರೂ ಸ್ಟಿಯರಿಂಗ್‌ಗೆ ಬಳಸಬಹುದು. ಬಿಸಿಲಿನಲ್ಲಿ ಓಡಿಸುವ ಆಸೆಯಿದ್ದರೆ ಬ್ಲೂಟೂತ್ ಇರುವುದೇ ಮೇಲು, ನೇರ ಬಿಸಿಲು ಬಿದ್ದರೆ ಅವಗೆಂಪು ಗ್ರಾಹಕ ಸನ್ನೆಯನ್ನು ಸರಿಯಾಗಿ ಹಿಡಿಯುವುದಿಲ್ಲ. ಪ್ರೋಗ್ರಾಮ್ ಬರೆಯಲು ಇಷ್ಟವಿದ್ದರೆ ಪೈಬ್ರಿಕ್ಸ್ ಎಂಬ ಮುಕ್ತ ತಂತ್ರಾಂಶವನ್ನು ಆ ಸರಣಿಯ ಹಬ್‌ಗೆ (ಮೋಟರುಗಳನ್ನು ನಿಯಂತ್ರಿಸುವ ಪೆಟ್ಟಿಗೆಗೆ) ಹಾಕಿ ಪೈಥಾನ್ ಭಾಷೆಯಲ್ಲೇ ಟ್ರಕ್ಕನ್ನು ನಡೆಸಬಹುದು. ಅದಕ್ಕೆ ಒಮ್ಮೆ ಕೈ ಹಾಕಿದವರು ಮತ್ತೆ ಆ್ಯಪ್ ಕಡೆ ತಲೆ ಹಾಕುವುದು ಕಡಿಮೆ.

ಪ್ರಶ್ನೆ ಕೇಳಿದವರು: ಏರುದಾರಿ

ಮೂವರಿಗೂ ಧನ್ಯವಾದಗಳು. ಬೀಮ್‌ಪಿನ್ ಅವರು ಹೇಳಿದಂತೆ ಚಕ್ರ ಹಿಡಿದು ನೋಡಿದೆ. ಮುಂದಿನ 20 ಹಲ್ಲಿನ ಗೇರಿನ ಪಕ್ಕದ ಬೀಮು ಒಂದೇ ಕಡೆ ಎರಡು ಪಿನ್ನುಗಳ ಮೇಲೆ ನಿಂತಿತ್ತು, ವಿದ್ಯುತ್ತು ಕೊಟ್ಟ ಕೂಡಲೇ ಅದು ಹೊರಕ್ಕೆ ಬಾಗುವುದು ಸ್ಪಷ್ಟವಾಗಿ ಕಂಡಿತು. ಹಿಂದಿನ ಜೋಡಿ ಚೌಕಟ್ಟಿನ ತುಂಡಿನ ಒಳಗಿದ್ದುದರಿಂದ ಅಲ್ಲಿ ಏನೂ ಅಲುಗಲಿಲ್ಲ. ಮುಂದಿನದನ್ನೂ ಹಾಗೆಯೇ ಕಟ್ಟಿದ ಮೇಲೆ ಟಕ್ ಟಕ್ ಸದ್ದು ನಿಂತಿದೆ. ಆದರೆ ಈಗ ಪ್ರತಿ ಸಲವೂ ಮೋಟರೇ ನಿಲ್ಲುತ್ತಿದೆ. ಸೆಲ್ಲುಗಳು ಆಲ್ಕಲೈನ್. ಹಾಗಾದರೆ ಮೂರು ಪಟ್ಟಿನ ಇಳಿಕೆ ಬೇಕೇ ಬೇಕು ಎಂದಾಯಿತು. ಅದನ್ನು ಗುಂಬದಲ್ಲಿ ಇಡದೆ ಬೇರೆಲ್ಲಿ ಇಡಬಹುದು? ಇನ್ನೊಂದು ವಿಷಯ, ಡಿಫರೆನ್ಷಿಯಲ್ ಇಲ್ಲದ್ದರಿಂದ ತಿರುವಿನಲ್ಲಿ ಟೈರುಗಳು ನೆಲವನ್ನು ಉಜ್ಜುತ್ತವೆ. ಅದನ್ನು ಸೇರಿಸಲೆ?

ಉತ್ತರ: ಬೀಮ್‌ಪಿನ್

ಚೌಕಟ್ಟು ಈಗ ಗಟ್ಟಿಯಾಗಿರುವುದರಿಂದ ಇಳಿಕೆಯನ್ನು ಮೋಟರಿನ ಮುಂದೆಯೇ ಇಟ್ಟು ನೋಡಿ, ಅದಕ್ಕೆ ಬಿಚ್ಚಬೇಕಾದುದೂ ಕಡಿಮೆ. 8ಕ್ಕೆ 24ರ ಜೋಡಿ ಎರಡು ತೂತಿನ ಅಂತರದಲ್ಲಿ ಕೂರುತ್ತದೆ. 20 ಡಿಗ್ರಿ ಏರಿಗೆ ಬೇಕಾಗುವಷ್ಟು ತಿರುಚುಬಲವನ್ನು ನಿಮ್ಮ ನಡುವಿನ ಆಕ್ಸಲ್ ತಡೆದುಕೊಳ್ಳುತ್ತದೆ, ಆದರೆ ಅದನ್ನು ಉದ್ದಕ್ಕೂ ಒಂದೇ ತುಂಡಾಗಿ ಬಿಡದೆ ನಡುವೆ ಒಂದೆರಡು ಕಡೆ ಬೀಮಿನ ಆಧಾರ ಕೊಡಿ. ಚಕ್ರ ಪೂರ್ತಿ ಸಿಕ್ಕಿಕೊಂಡಾಗ ಏನಾದರೂ ಮುರಿಯಬಾರದು ಎಂದಿದ್ದರೆ 24 ಹಲ್ಲಿನ ಗೇರಿನ ಜಾಗದಲ್ಲಿ ಜಾರುವ ಬಿಳಿ ಕ್ಲಚ್ ಗೇರನ್ನು ಹಾಕುವ ಯೋಚನೆ ಬರಬಹುದು. ಅದು 2.5ರಿಂದ 5 ನ್ಯೂಟನ್-ಸೆಂಟಿಮೀಟರಿಗೇ ಜಾರುತ್ತದೆ, ನಿಮ್ಮ ಚಾಲನೆಗೆ ಅದು ಸಾಲದು. ಸ್ಟಿಯರಿಂಗ್‌ನಲ್ಲಿ ಮಾತ್ರ ಅದಕ್ಕೆ ಸ್ಥಾನವಿದೆ.

ಉತ್ತರ: ಹಲ್ಲುಗಾಲಿ

ಮೋಟರಿನ ಮುಂದೆ ಇಟ್ಟರೂ ಟ್ರಕ್ಕು ಹಲಗೆ ಹತ್ತುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ಕಲ್ಲುಗಳ ನಡುವೆ ಓಡಿಸುವ ದಿನ ಯೂನಿವರ್ಸಲ್ ಜಾಯಿಂಟ್ ಬಿಚ್ಚಿಕೊಂಡರೆ ಮತ್ತೆ ಈ ಚರ್ಚೆಗೆ ಬನ್ನಿ. ಗುಂಬದ ಸಡಿಲದ ಬಗ್ಗೆ ಬೀಮ್‌ಪಿನ್ ಅವರ ಆಕ್ಷೇಪಣೆ ಕೈಯಲ್ಲಿ ಕಟ್ಟಿದ ಗುಂಬಗಳಿಗೆ ಅನ್ವಯಿಸುತ್ತದೆ. ಲೆಗೊ 2019ರ ಆಫ್‌ರೋಡರ್ ಸೆಟ್ಟಿನಲ್ಲಿ ಗ್ರಹ ಗೇರುಗಳು (ನಡುವಿನ ಗೇರಿನ ಸುತ್ತ ಸುತ್ತುವ ಸಣ್ಣ ಗೇರುಗಳು) ಒಳಗೇ ಇರುವ ಒಂದೇ ತುಂಡಿನ ಗುಂಬವನ್ನು ತಂದಿತು, ಇಳಿಕೆ ಐದು ಪಟ್ಟಿಗಿಂತ ತುಸು ಹೆಚ್ಚು, ಸಡಿಲವೂ ಕಡಿಮೆ. ಅದು ಸಿಕ್ಕಿದರೆ ನಿಮ್ಮ 12ಕ್ಕೆ 20ರ ಜೋಡಿಯ ಜೊತೆ ಸೇರಿ ಒಂಬತ್ತು ಪಟ್ಟಾಗುತ್ತದೆ. ಅಷ್ಟು ನಿಧಾನ ಬೇಡವೆನಿಸಿದರೆ 20 ಮತ್ತು 12ನ್ನು ಅದಲುಬದಲು ಮಾಡಿ, ಮೂರು ಪಟ್ಟಿಗೆ ಇಳಿಯುತ್ತದೆ.

ಡಿಫರೆನ್ಷಿಯಲ್ ಹಿಂದಿನ ಆಕ್ಸಲಿಗೆ ಬೇಡ, ಮುಂದಿನದಕ್ಕೆ ಮಾತ್ರ ಹಾಕಿ. ಡಿಫರೆನ್ಷಿಯಲ್ ಇರುವ ಆಕ್ಸಲಿನಲ್ಲಿ ಒಂದು ಚಕ್ರ ಗಾಳಿಯಲ್ಲಿ ತೇಲಿದರೆ ಆ ಆಕ್ಸಲಿಗೆ ಬಂದ ಚಾಲನೆಯೆಲ್ಲ ಅದೊಂದರಲ್ಲೇ ಸುತ್ತಿ ಹೋಗುತ್ತದೆ. ಹಿಂದಿನ ಆಕ್ಸಲಿನಲ್ಲಿ ಡಿಫರೆನ್ಷಿಯಲ್ ಇಲ್ಲದೆ ಎರಡೂ ಚಕ್ರಗಳು ಒಟ್ಟಿಗೆ ತಿರುಗುವಂತಿದ್ದರೆ ಅದು ಟ್ರಕ್ಕನ್ನು ತಳ್ಳಿ ಪಾರುಮಾಡುತ್ತದೆ, ಮುಂದಿನ ಟೈರುಗಳು ತಿರುವಿನಲ್ಲಿ ಉಜ್ಜುವುದೂ ತಪ್ಪುತ್ತದೆ. ಸೇರಿಸುವುದಾದರೆ ಮುಂದಿನ ಮತ್ತು ಹಿಂದಿನ ಆಕ್ಸಲುಗಳ ಒಟ್ಟು ಇಳಿಕೆ ಒಂದೇ ಆಗಿರುವಂತೆ ನೋಡಿಕೊಳ್ಳಿ. ಈಗಿನ ಡಿಫರೆನ್ಷಿಯಲಿನ ಹೊರಗೇರಿಗೆ 28 ಹಲ್ಲುಗಳಿರುವುದರಿಂದ ಮುಂದೆ 12ಕ್ಕೆ 28, ಹಿಂದೆ 12ಕ್ಕೆ 20 ಎಂದು ಬಿಟ್ಟರೆ ಎರಡು ಆಕ್ಸಲುಗಳೂ ಒಂದರ ವಿರುದ್ಧ ಒಂದು ಎಳೆದಾಡಿ, ಸಮತಟ್ಟಾದ ನೆಲದಲ್ಲೂ ಮೋಟರ್ ಬಿಸಿಯಾಗುತ್ತದೆ.